ಹಗ್ಗ ಹಿಡಿದು ತಂದ ಮೋಟಾರ್ ಸೈಕಲ್ಲು

ಶೇಕ್ದಾರ್ ಕಂಠಪ್ಪನವರು ಮೋಟಾರ್ ಸೈಕಲ್ಲು ಕೊಳ್ಳಲು ಕಾರಣ ಕಾಕನಕೋಟೆ. ಆ ಕಾಡಿನಲ್ಲಿ ಸವಾರಿ ಮಾಡುವ ಆಸೆ ಅವರಿಗಿತ್ತೆಂದು ಯಾರೂ ತಿಳಿಯಬಾರದು. ಅಲ್ಲಿಗೆ ಹೋಗದೆ ಉಳಿಯುವುದಕ್ಕೇ ಅವರಿಗೆ ಅದು ಬೇಕಾಗಿತ್ತು.

ಅವರು ಗಾವಡಗೆರೆ ಹೋಬಳಿಯಲ್ಲಿ ಕಂದಾಯ ವಸೂಲಿಯ ಶೇಕ್ದಾರರು. ಹೋಬಳಿಯಲ್ಲೇ ವಾಸವಾಗಿರಬೇಕೆಂದು ಸರ್ಕಾರದ ನಿಯಮ. ಹುಣಸೂರಿನಲ್ಲೇ ವಾಸವಾಗಿರಬೇಕೆಂದು ಹೆಂಡತಿ ಸುಂದ್ರಮ್ಮನ ನಿಯಮ. ಎರಡನ್ನೂ ತೂಗಿ ನೋಡಿ ಅವರು ಹುಣಸೂರಿನಲ್ಲಿದ್ದರು. ಹೀಗೆ ನೆಮ್ಮದಿಯಾಗಿರುವಾಗ ಸಬ್‌ಡಿವಿಜನ್ನಿಗೆ ಹೊಸ ಅಸಿಸ್ಟೆಂಟ್ ಕಮಿಷನರ್ ಸಾಹೇಬರು ಬಂದರು. ಹೊಸಬರೆಲ್ಲ ಮಾಡುವಂತೆ ಇವರೂ ಅಲ್ಲಿದ್ದವರನ್ನು ಇಲ್ಲಿಗೆ, ಇಲ್ಲಿದ್ದವರನ್ನು ಅಲ್ಲಿಗೆ ಹಾಕುವ ಯೋಚನೆ ಮಾಡಿದರು. ಕಚೇರಿಯ ದಫೇದಾರ ಚಾಮಯ್ಯ ಬಾಗಿಲ ಮರೆಯಲ್ಲಿ ಕೇಳಿಸಿಕೊಂಡದ್ದನ್ನು ಕಂಠಪ್ಪನವರ ಜಗಲಿಗೆ ತಂದು ಒಪ್ಪಿಸಿದ.

“ಎರಡು ಜಾಗ ಖಾಲಿ ಅವೆ ಸ್ವಾಮಿ. ಒಂದು ಪಿರಿಯಾಪಟ್ಟಣದ ರಸ್ತೇಲಿ. ಇನ್ನೊಂದು ಅಂತರಸಂತೆ, ಕಾಕನಕೋಟೆ ಕಾಡ್ನ ಬಾಯಲ್ಲಿ. ನಿಮಗೊಂದು, ಮಂಟಯ್ಯೋರ್ಗೊಂದು. ಸ್ವಂತ ವಾಹನ ಇರೋರು ಒಂದ್ ಕಡೀಕೆ, ಇಲ್ದೋರು ಒಂದ್ ಕಡೀಕೆ ಅಂತ ಸಾಹೇಬ್ರು ಅಂದ್ರು.”

ಯಾರು ಯಾವ ಕಡೆಗೆ ಎಂದು ಕಂಠಪ್ಪನವರು ಕೇಳಲಿಲ್ಲ. ಕೇಳುವುದೇನಿದೆ? ಪಿರಿಯಾಪಟ್ಟಣದ ಕಡೆಗೆ ಕೊಡಗಿನ ಕಾಫಿ ತೋಟದ ಬಿಳಿ ದೊರೆಗಳು ಓಡಾಡುವ ಒಳ್ಳೆಯ ರಸ್ತೆಯಿದೆ. ವಾಹನವುಳ್ಳವರು ಓಡಿಸಬೇಕಾದದ್ದೇ ಅಲ್ಲಿ. ಕಾಕನಕೋಟೆಯ ಕಡೆ ಆನೆಯಿದೆ, ಚಳಿಜ್ವರವಿದೆ. ಅಲ್ಲಿಂದ ಹಿಂತಿರುಗಿದ ಹಿಂದಿನ ಶೇಕ್ದಾರರು ಈಗಲೂ ಬಿರುಬೇಸಿಗೆಯಲ್ಲಿ ಕಂಬಳಿ ಹೊದ್ದು ಕೂರುತ್ತಿದ್ದರು.

ಸುಂದ್ರಮ್ಮ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಳು. “ಕಾಕನಕೋಟೆಗಾದ್ರೆ ನೀವೊಬ್ರೇ ಓಗಿ. ನಾನು ಭೇರ್ಯಕ್ಕೆ, ನಮ್ಮಪ್ಪನ ಮನೆಗೆ ಓಯ್ತೀನಿ.”

ಮರುದಿನ ಸಾಹೇಬರು ಇಬ್ಬರು ಶೇಕ್ದಾರರನ್ನೂ ಎದುರಿಗೆ ನಿಲ್ಲಿಸಿಕೊಂಡು, ಸವಾರಿಗೆ ಏನಿಟ್ಟುಕೊಂಡಿದ್ದೀರಿ ಎಂದು ಕೇಳಿದರು.

ಮಂಟಯ್ಯ ಬಡಕಲು ಮನುಷ್ಯ, ಮುಚ್ಚುಮರೆಯಿಲ್ಲದವರು. “ಎರಡು ಕಾಲಿವೆ ಸ್ವಾಮಿ” ಎಂದರು.

“ನೀವು?”

ಕಂಠಪ್ಪನವರಿಗೆ ಹಿಂದೆ ಒಂದು ತಟ್ಟು ಕುದುರೆಯಿತ್ತು. ಅದು ಸತ್ತು ಬಹಳ ಕಾಲವಾಗಿತ್ತು. ಇದ್ದಾಗಲೂ ಅದು ಮನೆಯ ಕಡೆಗೆ ಮಾತ್ರ ನಡೆಯುತ್ತಿತ್ತು. ಕುದುರೆ ಎನ್ನಲು ಬಾಯಿ ತೆರೆದವರು ಸಾಹೇಬರ ಹೊಳೆಯುವ ಬೂಟು ನೋಡಿ, “ಮೋಟಾರ್ ಸೈಕಲ್ಲಿದೆ ಸ್ವಾಮಿ” ಎಂದುಬಿಟ್ಟರು.

ಸಾಹೇಬರ ಮುಖ ಅರಳಿತು. “ಎಂಥದ್ದು?”

ಕಾಫಿ ಡಿಪೋದಲ್ಲಿ ಇಬ್ಬರು ರೈಟರುಗಳು ಆಡಿಕೊಳ್ಳುತ್ತಿದ್ದ ಮಾತು ಕಂಠಪ್ಪನವರ ನೆನಪಿಗೆ ಬಂತು. “ಮಧ್ಯಮ ತೂಕದ್ದು ಸ್ವಾಮಿ. ದೂರದ ರಸ್ತೆಗೆ ಹೇಳಿಮಾಡಿಸಿದ್ದು. ಕೂರೋಕೆ ಬಹಳ ಸುಖ.”

“ಸಂತೋಷ. ಸೋಮವಾರ ಕೃಷ್ಣರಾಜನಗರದಲ್ಲಿ ನನ್ನ ಕ್ಯಾಂಪಿದೆ. ಅಲ್ಲಿಗೆ ತನ್ನಿ, ನೋಡೋಣ. ಅಲ್ಲೇ ನಿಮ್ಮಿಬ್ಬರ ಆರ್ಡರೂ ಕೊಡ್ತೀನಿ.”

ಹೀಗೆ ಆ ವಾಹನದ ವರ್ಣನೆ ಮೊದಲು ಮುಗಿದು, ಹುಡುಕುವ ಕೆಲಸ ಆಮೇಲೆ ಶುರುವಾಯಿತು.

ಭೇರ್ಯದ ಸಿದ್ದಮಲ್ಲಪ್ಪನವರು ಕಂಠಪ್ಪನವರ ಮಾವ. ಮದುವೆಯಲ್ಲಿ ಅಳಿಯನಿಗೆ ಸವಾರಿ ಕುದುರೆಯೊಂದನ್ನು ಕೊಡುತ್ತೇನೆಂದು ಮಾತು ಕೊಟ್ಟು, ಕಂಡ ಕುದುರೆಯಲ್ಲೆಲ್ಲ ಒಂದೊಂದು ಕೆಟ್ಟ ಸುಳಿ ಹುಡುಕಿ ಇಷ್ಟು ವರ್ಷ ತಳ್ಳಿಕೊಂಡು ಬಂದಿದ್ದರು. ದನದ ಪರೀಕ್ಷೆಯಲ್ಲಿ ಆ ಸೀಮೆಗೇ ಅವರು ಕೊನೆಯ ಮಾತು. ಅವರು ಬೆನ್ನು ತಟ್ಟದೆ ಭೇರ್ಯದ ಸುತ್ತ ಒಂದು ಎತ್ತೂ ಕೈಬದಲಾಗುತ್ತಿರಲಿಲ್ಲ. ಕುದುರೆಯ ಬದಲು ಮೋಟಾರ್ ಸೈಕಲ್ಲು ಕೊಡಿಸಲು ಅವರು ಒಪ್ಪಿದರು. ಆದರೆ ತಾವೇ ನೋಡಿ ಆರಿಸಬೇಕೆಂದು ಪಟ್ಟು ಹಿಡಿದರು.

“ಕಾಲಿರೋದಾದ್ರೇನು, ಗಾಲಿ ಇರೋದಾದ್ರೇನು ಅಳಿಯಂದ್ರೆ. ನೋಡೋ ಕಣ್ಣು ಒಂದೇಯ” ಎಂದು, ಹೊಸ ಹಗ್ಗವೊಂದನ್ನು ಹೆಗಲಿಗೆ ಹಾಕಿಕೊಂಡು, ಅಭ್ಯಾಸಬಲದಿಂದ ಬಾರುಕೋಲನ್ನೂ ಹಿಡಿದು ಶನಿವಾರ ಹುಣಸೂರಿಗೆ ಬಂದಿಳಿದರು.

ಕಡಲಾಚೆಯ ಸೀಮೆಗೆ ಹಿಂತಿರುಗುವ ಕೊಡಗಿನ ದೊರೆಗಳು ತಮ್ಮ ಮಂಚ, ಗ್ರಾಮಫೋನು, ಗೋಡೆಯ ಹುಲಿತಲೆ ಎಲ್ಲವನ್ನೂ ಹುಣಸೂರಿನ ಅಹಮದ್ ಪಾಷಾ ಅವರಿಗೆ ಮಾರಿ ಹೋಗುವುದು ವಾಡಿಕೆ. ಅವರ ಹೆಂಚಿನ ಕೊಟ್ಟಿಗೆಯಲ್ಲಿ ಆಗ ಮೂರು ಮೋಟಾರ್ ಸೈಕಲ್ಲುಗಳು ನಿಂತಿದ್ದವು. ಮೊದಲನೆಯದು ಭಾರಿ ಗಾತ್ರದ್ದು. ಪಕ್ಕದಲ್ಲಿ ಒಬ್ಬರು ಕೂರುವಂಥ ತೊಟ್ಟಿಲೊಂದನ್ನು ಅದಕ್ಕೆ ಜೋಡಿಸಿದ್ದರು.

“ಇದಾದ್ರೆ ಅಮ್ಮಾವ್ರೂ ಪಕ್ಕದಲ್ಲಿ ಆರಾಮಾಗಿ ಕೂತ್ಕೊಂಡು ಬರಬಹುದು” ಎಂದರು ಪಾಷಾ.

ಸಿದ್ದಮಲ್ಲಪ್ಪನವರು ಅದನ್ನು ಒಂದು ಸುತ್ತು ಬಂದರು. “ಬ್ಯಾಡ. ಕರ ಇದೆ ಇದಕ್ಕೆ.”

“ಕರ ಅಲ್ಲ ಯಜಮಾನ್ರೆ, ಅದು ಕೂರೋ ತೊಟ್ಟಿಲು.”

“ಏನಾರಾ ಆಗ್ಲಿ ಸಾಬ್ರೆ. ಮಗ್ಗುಲಲ್ಲಿ ಮರಿ ಕಟ್ಕಂಡಿರೋದು ದೂರದ ಆದಿಗೆ ಆಗಾಕಿಲ್ಲ. ಎಜ್ಜೆ ಎಜ್ಜೆಗೂ ತಿರುಗಿ ನೋಡ್ತದೆ.”

ಎರಡನೆಯದು ತೀರ ಹಗುರ. ಅದನ್ನು ಅವರು ಒಂದೇ ಕೈಯಲ್ಲಿ ಹಿಂಭಾಗ ಹಿಡಿದು ಎತ್ತಿ, ಅಲ್ಲಾಡಿಸಿ, ಕೆಳಗಿಟ್ಟರು. “ಇದ್ಕೆ ತಾಯಾಲು ಸಿಕ್ಕಿಲ್ಲ.”

“ಎಣ್ಣೆ ಕಮ್ಮಿ ಕುಡೀತದೆ ಯಜಮಾನ್ರೆ. ಏರು ಬಂದಾಗ ಮಾತ್ರ ಒಂದಿಷ್ಟು ಪೆಡಲ್ ತುಳೀಬೇಕು.”

“ಏರ್ನಲ್ಲಿ ನಾವೇ ತುಳಿಯಂಗಿದ್ರೆ ಇದನ್ಯಾಕೆ ಸಾಕಬೇಕು?”

ಮೂರನೆಯದು ಕಪ್ಪು, ಮಧ್ಯಮ ಗಾತ್ರದ್ದು. ಅಗಲವಾದ ಚರ್ಮದ ಸೀಟು. ಸಿದ್ದಮಲ್ಲಪ್ಪನವರು ಸೀಟನ್ನು ಅಂಗೈಯಿಂದ ಒತ್ತಿ ಬೆನ್ನಿನ ಬಲ ನೋಡಿದರು. ಟೈರನ್ನು ಚಿವುಟಿದರು. ಎಣ್ಣೆ ತೊಟ್ಟಿಯನ್ನು ತಟ್ಟಿ ಕಿವಿಗೊಟ್ಟರು. ಆಮೇಲೆ ಮುಂದೆ ಬಂದು ದೀಪದ ಎದುರು ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ಅದರ ಮುಖವನ್ನೇ ನೋಡಿದರು.

“ಅಲ್ಲೆಷ್ಟು?”

ಪಾಷಾ ದನದ ಜಾತ್ರೆಗಳಲ್ಲೂ ವ್ಯಾಪಾರ ಮಾಡಿ, ಹಲ್ಲೆಣಿಸಿ ಪ್ರಾಯ ಹೇಳುವುದರಲ್ಲಿ ಪಳಗಿದವರು. ಕಣ್ಣು ಮಿಟುಕಿಸದೆ, “ನಾಲ್ಕು ಹಲ್ಲು. ಇನ್ನೂ ಬಾಯ್ಗೂಡಿಲ್ಲ” ಎಂದರು.

“ಇದೇನು, ಇಲ್ಲಿ?” ತೊಟ್ಟಿಯ ಬಲಮಗ್ಗುಲಲ್ಲಿ ಅಂಗೈಯಗಲ ತಗ್ಗಿತ್ತು. ವಿರಾಜಪೇಟೆಯಲ್ಲಿ ಹಿಂದಿನ ದೊರೆ ಕಿತ್ತಳೆ ಗಾಡಿಯೊಂದಕ್ಕೆ ಗುದ್ದಿಸಿದ್ದರ ಗುರುತು ಅದು.

“ಸುಳಿ” ಎಂದರು ಪಾಷಾ.

“ಬಲಗಡೆ ಸುಳಿ. ಮನೆಗೆ ಒಳ್ಳೇದು” ಎಂದು ಸಿದ್ದಮಲ್ಲಪ್ಪನವರು ಎದ್ದರು. “ಎಲ್ಲಿ, ಒಂದ್ಸಲ ಗುಟುರಾಕ್ಸಿ.”

ಪಾಷಾ ಒದ್ದರು. ಅದು ಸಿಡಿದು ಮೊರೆಯಿತು. ಹೆಂಚಿನ ಮೇಲಿನ ಪಾರಿವಾಳಗಳು ಹಾರಿಹೋದವು. ಎದುರಂಗಡಿಯ ತಕ್ಕಡಿ ತೂಗಾಡಿತು. ಸಿದ್ದಮಲ್ಲಪ್ಪನವರು ಎಲ್ಲಿ ಹೋದರೆಂದು ನೋಡಿದರೆ ಅಳಿಯನ ಬೆನ್ನ ಹಿಂದಿದ್ದರು. ಅಲ್ಲಿಂದಲೇ ಗಂಭೀರವಾಗಿ, “ಗುಟುರು ಚೆನ್ನಾಗದೆ. ಕೂತು ನೋಡಿ ಅಳಿಯಂದ್ರೆ” ಎಂದರು.

ಪಾಷಾ ಎಂಜಿನ್ನು ನಿಲ್ಲಿಸಿ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿದ ಮೇಲೆ ಕಂಠಪ್ಪನವರು ಪಂಚೆ ಎತ್ತಿ ಕಟ್ಟಿ ಹತ್ತಿ ಕುಳಿತರು. ಹಿಡಿಗಳೆರಡನ್ನೂ ಹಿಡಿದು ಪಿರಿಯಾಪಟ್ಟಣದ ದಿಕ್ಕಿಗೆ ದೃಷ್ಟಿ ನೆಟ್ಟರು. ಕುಳಿತೇ ಇದ್ದರು.

“ಎಂಗದೆ?”

“ಸುಖವಾಗಿದೆ ಮಾವ.”

“ಓಡಿಸೋದು ಒಂದೆರಡು ದಿವಸ ಹೇಳಿಕೊಡ್ಲಾ ಸ್ವಾಮಿ?” ಎಂದು ಪಾಷಾ ಮೆಲ್ಲಗೆ ಕೇಳಿದರು.

ಮಾವ ಎದುರಿಗೇ ನಿಂತಿದ್ದರು. “ಮೈಸೂರಲ್ಲಿ ಓದೋವಾಗ ಬೇಕಾದಷ್ಟು ಓಡಿಸಿದ್ದೀನಿ ಸಾಬ್ರೆ” ಎಂದರು ಕಂಠಪ್ಪನವರು. ಮೈಸೂರಿನಲ್ಲಿ ಓದುವಾಗ ಒಂದು ಮೋಟಾರ್ ಸೈಕಲ್ಲು ಎದುರಿಗೆ ಬಂದಾಗ ಅವರು ಚರಂಡಿ ಹಾರಿ ನಿಂತದ್ದು ನಿಜ. ಅದಕ್ಕಿಂತ ಹತ್ತಿರದ ಪರಿಚಯ ಅವರಿಗಿರಲಿಲ್ಲ.

ವ್ಯಾಪಾರ ಟವಲಿನ ಕೆಳಗೆ ನಡೆಯಿತು. ಸಿದ್ದಮಲ್ಲಪ್ಪನವರು ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಆಡಿದವರಲ್ಲ. ಇಬ್ಬರೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು, ಹೊರಗೆ ಮಳೆ ಬೆಳೆಯ ಮಾತಾಡುತ್ತ, ಒಮ್ಮೆ ಜಗ್ಗಿ, ಒಮ್ಮೆ ಕೊಸರಿ, ಕೊನೆಗೆ ಬಿಟ್ಟರು. ಏನು ಕುದುರಿತೆಂದು ಅಳಿಯನಿಗೂ ಇಂದಿನವರೆಗೆ ತಿಳಿಯದು.

ಇನ್ನು ಅದನ್ನು ಸೋಮವಾರದೊಳಗೆ ಕೃಷ್ಣರಾಜನಗರಕ್ಕೆ ಮುಟ್ಟಿಸುವುದು ಹೇಗೆಂದು ಕಂಠಪ್ಪನವರು ಬೆವರತೊಡಗಿದಾಗ, ಮಾವನೇ ದಾರಿ ತೋರಿಸಿದರು.

“ಕೊಂಡ ದಿಸ ಯಾರೂ ಏರಂಗಿಲ್ಲ ಅಳಿಯಂದ್ರೆ. ಮೊದಲು ಭೇರ್ಯಕ್ಕೆ ಓಗಬೇಕು, ಕಾಲ್ಗೆ ನೀರಾಕಿ ಆರತಿ ಎತ್ತಬೇಕು, ಆಮೇಲೆ ಸವಾರಿ. ಅಲ್ಲೀಗಂಟ ನಡಸ್ಕಂಡೇ ಓಗೋದು. ನಮ್ಮ ಮನೇಲಿ ಯಾವ ಎತ್ತೂ ಅಂಗೇ ಬಂದಿರಾದು.”

ಅತ್ತೆಮನೆಯ ಶಾಸ್ತ್ರವನ್ನು ಅಷ್ಟು ಭಕ್ತಿಯಿಂದ ಒಪ್ಪಿಕೊಂಡ ಅಳಿಯನನ್ನು ಹುಣಸೂರು ಹಿಂದೆ ಕಂಡಿರಲಿಲ್ಲ. ಭೇರ್ಯದ ಹಾದಿ ಕೃಷ್ಣರಾಜನಗರದ ಮೇಲೆಯೇ ಹೋಗುತ್ತದೆ. ಸಾಹೇಬರು ನೋಡುತ್ತಾರೆ, ಪಿರಿಯಾಪಟ್ಟಣದ ಆರ್ಡರು ಕೊಡುತ್ತಾರೆ. ಓಡಿಸುವುದನ್ನು ಆಮೇಲೆ ಗುಟ್ಟಾಗಿ ಕಲಿತರಾಯಿತು.

ಭಾನುವಾರ ಬೆಳಗ್ಗೆ ದೀಪಕ್ಕೆ ಮೂರು ಬೆರಳು ವಿಭೂತಿ ಎಳೆದು, ಅದರ ಕೊರಳಿಗೆ ಹೊಸ ಹಗ್ಗ ಕಟ್ಟಿ, ಮುಂದೆ ಸಿದ್ದಮಲ್ಲಪ್ಪನವರು ಹಗ್ಗ ಮತ್ತು ಬಾರುಕೋಲು ಹಿಡಿದು, ಹಿಂದೆ ಕಂಠಪ್ಪನವರು ಹಿಡಿಗಳನ್ನು ಹಿಡಿದು ನೂಕುತ್ತ ಹೊರಟರು. ಊರು ದಾಟಿದ ಮೇಲೆ ಖಾಲಿ ಗಾಡಿ ಹೊಡೆದುಕೊಂಡು ಬರುತ್ತಿದ್ದ ಮುದ್ದಯ್ಯ ಎಂಬವನು ಎತ್ತು ನಿಲ್ಲಿಸಿದ.

“ಕೆಟ್ಟೋಯ್ತಾ ಬುದ್ದಿ? ಗಾಡಿಗೆ ಕಟ್ಟಿ ಎಳ್ಕೊಡ್ಲಾ?”

“ಕೆಟ್ಟಿಲ್ಲ ಕಣಯ್ಯ, ಹೋಗು.”

“ಕೆಟ್ಟಿಲ್ದೆ ಇದ್ರೆ ಯಾಕ್ ಬುದ್ದಿ ತಳ್ತೀರಿ?”

“ಹೊಸದು, ಅದಕ್ಕೆ” ಎಂದರು ಕಂಠಪ್ಪನವರು. ಮುದ್ದಯ್ಯ ಈ ಉತ್ತರವನ್ನು ಬಾಯಲ್ಲಿ ಎಲೆಯಡಿಕೆಯಂತೆ ಆಡಿಸುತ್ತ ಬಹಳ ದೂರ ಜೊತೆಯಲ್ಲೇ ಬಂದು, ನುಂಗಲಾರದೆ ಗಾಡಿ ಬೇರೆ ಕಡೆ ತಿರುಗಿಸಿಕೊಂಡು ಹೋದ.

ಮಧ್ಯಾಹ್ನಕ್ಕೆ ಗಾವಡಗೆರೆ ಬಂತು. ಇಲ್ಲಿ ಒಂದು ವಿಷಯ ಹೇಳಬೇಕು. ಬಾಕಿ ಕಂದಾಯಕ್ಕಾಗಿ ಒಕ್ಕಲಿನ ದನ ಜಪ್ತಿ ಮಾಡುವಾಗ ಶೇಕ್ದಾರರು ಬರುವ ಕ್ರಮವೇ ಹೀಗೆ: ಮುಂದೆ ಒಬ್ಬ ಹಗ್ಗ ಕೋಲು ಹಿಡಿದಿರುತ್ತಾನೆ, ನಡುವೆ ಪ್ರಾಣಿ, ಹಿಂದೆ ಬೆವರು ಒರೆಸಿಕೊಳ್ಳುತ್ತ ಶೇಕ್ದಾರರು. ಆ ಹೋಬಳಿಯ ಮಗುವಿಗೂ ಈ ಮೆರವಣಿಗೆಯ ಗುರುತಿತ್ತು.

ಅರಳಿಕಟ್ಟೆಯಲ್ಲಿದ್ದವರು ಎದ್ದು ನಿಂತರು. ಕೆಂಪಾಜಮ್ಮ ಎಂಬ ಮುದುಕಿ ಮುಂದೆ ಬಂದಳು. ಅವಳ ಬಾಕಿಯನ್ನು ವಸೂಲು ಮಾಡಲಾಗದೆ ಈ ಹಿಂದೆ ಇಬ್ಬರು ಶೇಕ್ದಾರರು ಪಿಂಚಣಿಗೆ ಹೋಗಿದ್ದರು.

“ಯಾರ್ದು ಬುದ್ದಿ ಇದು?”

“ಕೊಡಗಿನ ದೊರೇದು ಕಣಮ್ಮ. ಈಗ ನಮ್ದು.”

“ದೊರೇದಾ?”

“ಹೂಂ. ದೊರೆ ಊರು ಬಿಟ್ಟು ಹೋದ.”

ಕೆಂಪಾಜಮ್ಮ ಹಗ್ಗ ನೋಡಿದಳು, ಸಿದ್ದಮಲ್ಲಪ್ಪನವರ ಮೀಸೆ ನೋಡಿದಳು, ಬಾರುಕೋಲು ನೋಡಿದಳು. ಹಿಂದಕ್ಕೆ ಸರಿದು ಪಕ್ಕದವನಿಗೆ, “ಬಿಳೀ ದೊರೇದೇ ಇಡ್ಕಬಂದವ್ರೆ ಕಣ್ಲಾ. ನಮ್ದೆಲ್ಲಿ ಉಳೀತದೆ” ಎಂದಳು.

ಗಳಿಗೆಯೊಳಗೆ ಬೀದಿಯ ಎಮ್ಮೆಗಳೆಲ್ಲ ಒಳಗಾದವು. ಕೆಂಪಾಜಮ್ಮನ ಎಮ್ಮೆ ಅಡಿಗೆಮನೆ ಸೇರಿತು. ಅದರ ಬಾಲ ಮಾತ್ರ ಕಿಟಕಿಯಲ್ಲಿ ಉಳಿಯಿತು. ಊರಿನ ಶ್ಯಾನುಭೋಗ ಶಿವನಂಜಪ್ಪನವರು ಊಟದ ಕೈಯಲ್ಲೇ ಓಡಿ ಬಂದರು.

“ಸ್ವಾಮಿ, ಒಂದು ಮಾತು ಮುಂಚೆ ಹೇಳಬಾರದಾಗಿತ್ತೇ?”

“ನಾನು ಇವತ್ತು ಕೆಲಸದ ಮೇಲೆ ಬಂದಿಲ್ಲ ಶ್ಯಾನುಭೋಗರೇ. ಹೀಗೇ ದಾರೀಲಿ ಹೋಗ್ತಾ ಇದ್ದೀನಿ” ಎಂದರು ಕಂಠಪ್ಪನವರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಪ್ತಿಗೆ ಬಂದ ಯಾವ ಶೇಕ್ದಾರರೂ ಮೊದಲು ಆಡುವ ಮಾತು ಅದೇ.

“ಸ್ವಲ್ಪ ನೀರು ಕೊಡಿ, ಹೋಗ್ತೀವಿ” ಎಂದರು ಮತ್ತೆ.

ಎರಡನೆಯ ಮಾತೂ ಅದೇ.

ನೀರು ಬಂತು, ಮಜ್ಜಿಗೆ ಬಂತು, ಹಿಂದೆಯೇ ಕಂದಾಯ ಬಂತು. ಸೆರಗಿನ ಗಂಟು ಬಿಚ್ಚಿದವರು, ಮಡಕೆ ಒಡೆದವರು, ಭಾವಮೈದನ ಬಳಿಗೆ ಓಡಿದವರು ಎಲ್ಲರೂ ಕಟ್ಟೆಯ ಮೇಲೆ ತಂದು ಸುರಿದರು. ಕಂಠಪ್ಪನವರು, “ಇದೇನ್ರಯ್ಯ, ಈವತ್ಯಾಕೆ” ಎಂದಷ್ಟೂ ಅವರು, “ಇಲ್ಲ ಬುದ್ದಿ, ಮಡಿಕ್ಕಳಿ” ಎಂದು ಕೈಮುಗಿದರು. ಕೆಂಪಾಜಮ್ಮ ಎಲ್ಲರಿಗಿಂತ ಕೊನೆಗೆ ಬಂದು ತನ್ನ ಗಂಟನ್ನು ಶ್ಯಾನುಭೋಗರ ಎದುರಿಗೆ ಎಸೆದು, “ಎಮ್ಮೆ ತಂಟೆಗೆ ಬರಬ್ಯಾಡಿ” ಎಂದಳು.

“ಒಳ್ಳೆ ಜನ” ಎಂದರು ಸಿದ್ದಮಲ್ಲಪ್ಪನವರು, ಮಜ್ಜಿಗೆ ಮುಗಿಸಿ. “ಬಂದ ದಿಸವೇ ಇಷ್ಟು ತಂದದೆ. ಸುಳಿ ಗುಣ ನೋಡಿ ಅಳಿಯಂದ್ರೆ.”

ಸುದ್ದಿ ಇವರಿಗಿಂತ ಮುಂದೆ ಹೋಯಿತು. ಹಾದಿಯ ಮುಂದಿನ ಊರುಗಳಲ್ಲಿ ಹಣದ ಗಂಟು ಮೊದಲೇ ಸಿದ್ಧವಾಗಿತ್ತು. ವಸೂಲಾದದ್ದರಲ್ಲಿ ತಮ್ಮ ಹೆಸರೂ ಇರಲೆಂದು ಶಿವನಂಜಪ್ಪನವರು ಸೋಮವಾರ ಬಸ್ಸು ಹತ್ತಿ, ದಾರಿಯಲ್ಲಿ ನೂಕುತ್ತಿದ್ದ ಕಂಠಪ್ಪನವರ ಮೇಲೆ ಧೂಳೆಬ್ಬಿಸಿ, ಮುಂಚಿತವಾಗಿಯೇ ಸಾಹೇಬರ ಕ್ಯಾಂಪಿಗೆ ಹೋಗಿ ಎಲ್ಲವನ್ನೂ ವರದಿ ಮಾಡಿದರು.

ಕೃಷ್ಣರಾಜನಗರದ ಮುಸಾಫರಿ ಬಂಗಲೆಯ ಜಗಲಿಯಲ್ಲಿ ಸಾಹೇಬರು ಕುಳಿತಿದ್ದರು. ಪಕ್ಕದಲ್ಲಿ ಮಂಟಯ್ಯ ಕೊಡೆ ಹಿಡಿದು ನಿಂತಿದ್ದರು. ತಮಗೆ ಕಾಕನಕೋಟೆಯೇ ಎಂದು ನಿಶ್ಚಯಿಸಿಕೊಂಡು, ಅವರು ಆಗಲೇ ಚಳಿಜ್ವರದ ಕೊಯಿನಾ ಮಾತ್ರೆ ನುಂಗಲು ಶುರುಮಾಡಿದ್ದರು.

“ಬನ್ನಿ ಕಂಠಪ್ಪ” ಎಂದು ಸಾಹೇಬರು ಎದ್ದು ಮೆಟ್ಟಿಲಿಳಿದು ಬಂದರು. “ಎಲ್ಲಾ ಕೇಳಿದೆ. ಇಂಥ ಗಾಡಿ, ಇಂಥ ಕೆಲಸ. ಹಿಂದೆ ನನ್ನೊಬ್ಬನ್ನ ಕೂರಿಸ್ಕೊಳ್ಳಿ, ಊರೊಂದು ಸುತ್ತು ಹೋಗಿ ಬರೋಣ.”

ಕಂಠಪ್ಪನವರು ಹಿಡಿಗಳನ್ನು ಬಿಡದೆ ಮಾವನ ಕಡೆ ನೋಡಿದರು. ಸಿದ್ದಮಲ್ಲಪ್ಪನವರು ಬಾರುಕೋಲು ಅಡ್ಡ ಹಿಡಿದರು.

“ತಪ್ಪು ತಿಳೀಬೇಡಿ ಸ್ವಾಮಿ. ಇನ್ನೂ ಮನೆ ಮುಟ್ಟಿಲ್ಲ, ಆರತಿ ಆಗಿಲ್ಲ. ಇವತ್ತು ಯಾರೂ ಏರಂಗಿಲ್ಲ.”

ಸಾಹೇಬರೂ ಬೇಸಾಯದ ಮನೆಯಲ್ಲಿ ಹುಟ್ಟಿದವರೇ. “ನಮ್ಮ ತಾತನೂ ಹೀಗೇ” ಎಂದು ನಕ್ಕು ಹಿಂದೆ ಸರಿದರು. ಕಂಠಪ್ಪನವರಿಗೆ ಹೋದ ಜೀವ ಬಂತು. ಮಾವನ ಕಾಲಿಗೆ ಅಲ್ಲೇ ಬೀಳಬೇಕೆನ್ನಿಸಿತು.

“ಸರಿ, ಆರ್ಡರು ಹೇಳಿಬಿಡ್ತೀನಿ” ಎಂದರು ಸಾಹೇಬರು. “ಪಿರಿಯಾಪಟ್ಟಣದ ರಸ್ತೆಗೆ ಮಂಟಯ್ಯ. ಅಂತರಸಂತೆಗೆ ನೀವು.”

ಮಂಟಯ್ಯನವರ ಕೊಡೆ ಕೆಳಗೆ ಬಿತ್ತು.

“ಸ್ವಾಮಿ” ಎಂದರು ಕಂಠಪ್ಪನವರು, “ನನ್ನ ಹತ್ರ ವಾಹನ ಇದೆಯಲ್ಲ.”

“ಇರೋದಕ್ಕೇ ಕಣ್ರೀ. ಪಿರಿಯಾಪಟ್ಟಣದ ಕಡೆ ದಿನಾ ಬಸ್ಸು ಓಡಾಡ್ತದೆ. ವಾಹನ ಇಲ್ಲದೋರೂ ಕೆಲಸ ಮಾಡಬಹುದು. ಕಾಡಿನ ಊರುಗಳಿಗೆ ಏನಿದೆ? ವಾಹನ ಇರೋರೇ ಆಗಬೇಕು ಅಂತ ಮೊದಲಿಂದ ಹೇಳ್ತಾ ಇದ್ದೀನಿ, ಒಬ್ಬರೂ ಒಪ್ಪಿ ಮುಂದೆ ಬಂದಿರಲಿಲ್ಲ. ನೀವಾಗಿ ಬಂದಿರಿ.”

“ಇದು ರಸ್ತೆ ಗಾಡಿ ಸ್ವಾಮಿ. ರಸ್ತೆಗೇ ಅಂತ ನೋಡಿ ಆರಿಸಿದ್ದು.”

“ರಸ್ತೆ ಇರೋ ಕಡೆ ಇದ್ಯಾಕ್ರೀ? ಬಸ್ಸಿದೆಯಲ್ಲ.”

ಕಂಠಪ್ಪನವರು ಎರಡೂ ಕೈ ಜೋಡಿಸಿದರು. ಜೀವಮಾನದಲ್ಲಿ ಕೆಲವೇ ಸಲ ಆಡುವಂಥ ಮಾತನ್ನು ಆಡಿದರು. “ನಿಜ ಹೇಳ್ತೀನಿ ಸ್ವಾಮಿ. ನನಗೆ ಇದನ್ನ ಓಡಿಸೋಕೆ ಬರೋದಿಲ್ಲ.”

ಸಿದ್ದಮಲ್ಲಪ್ಪನವರಿಗೆ ಅವಮಾನವಾಯಿತು. ತಾವು ನೋಡಿ ಆರಿಸಿದ್ದನ್ನು ನೊಗಕ್ಕೆ ಕಟ್ಟಲಾರೆನೆಂದು ಹಿಂದೆ ಒಬ್ಬ ರೈತನೂ ಅಂದಿರಲಿಲ್ಲ. “ಬತ್ತದೆ ಸ್ವಾಮಿ” ಎಂದರು. “ಮೈಸೂರಲ್ಲಿ ಓದೋವಾಗ ಬೇಕಾದಷ್ಟು ಓಡಿಸವ್ರೆ. ನನ್ನೆದ್ರಿಗೇ ಏಳವ್ರೆ. ನಮ್ಮ ಅಳಿಯಂದ್ರು ದೊಡ್ಡಸ್ತಿಕೆ ತೋರಿಸ್ಕಳಾಕಿಲ್ಲ, ಅಷ್ಟೇಯ.”

“ಅದೇ ಅಂದ್ಕೊಂಡೆ” ಎಂದರು ಸಾಹೇಬರು.

ಭೇರ್ಯದಲ್ಲಿ ಗಾಲಿಗೆ ನೀರು ಹಾಕಿದ್ದೂ ಆರತಿ ಎತ್ತಿದ್ದೂ ಸಾಂಗವಾಗಿ ನಡೆಯಿತು. ಸುಂದ್ರಮ್ಮ ಆ ವೇಳೆಗೆ ಸುದ್ದಿ ತಿಳಿದು, ಮಾತಿನಂತೆ ಮನೆ ಸಾಮಾನೆಲ್ಲ ಕಟ್ಟಿಕೊಂಡು ಅಪ್ಪನ ಮನೆಗೆ ಬಂದಿದ್ದಳು. ಅಪ್ಪ ಒಪ್ಪಲಿಲ್ಲ. “ಮಗಳನ್ನೂ ಕೊಟ್ಟಿದ್ದೀನಿ, ಮೋಟ್ರೂ ಕೊಟ್ಟಿದ್ದೀನಿ. ಜೋಡಿ ಒಡೆಯಾಕಾಯ್ತದಾ? ಎರಡೂ ಒಟ್ಗೇ ಓಗ್ಲಿ” ಎಂದರು.

ಹೋಗುವುದು ಹೇಗೆಂಬ ಪ್ರಶ್ನೆ ಬಂತು. ಆರತಿ ಆದ ಮೇಲೆ ನೂಕುವುದಕ್ಕೆ ಶಾಸ್ತ್ರದ ನೆಪವೂ ಇರಲಿಲ್ಲ. ಬಾಡಿಗೆ ಗಾಡಿ ಹುಡುಕಿದಾಗ ಸಿಕ್ಕವನು ಮುದ್ದಯ್ಯ.

“ಅವತ್ತೇ ಏಳ್ಲಿಲ್ವಾ ಬುದ್ದಿ, ಎತ್ತು ಕಟ್ಟಿ ಎಳ್ಕೊಡ್ತೀನಿ ಅಂತ” ಎಂದು ಅವನು ಸಮಾಧಾನದಿಂದಲೇ ಮೋಟಾರ್ ಸೈಕಲ್ಲನ್ನು ಗಾಡಿಯ ಮೇಲೆ ನೆಟ್ಟಗೆ ನಿಲ್ಲಿಸಿ, ನಾಲ್ಕೂ ಕಡೆ ಗೂಟಗಳಿಗೆ ಬಿಗಿದ. ಸುತ್ತ ಪಾತ್ರೆ, ಪೆಟ್ಟಿಗೆ, ಒನಕೆ, ಹಾಸಿಗೆ ತುಂಬಿದ ಮೇಲೆ ಗಂಡ ಹೆಂಡತಿಗೆ ಕೂರಲು ಉಳಿದ ಜಾಗ ಅದರ ಸೀಟೊಂದೇ. ಕಂಠಪ್ಪನವರು ಮುಂದೆ ಹಿಡಿಗಳನ್ನು ಹಿಡಿದು ಕುಳಿತರು. ಸುಂದ್ರಮ್ಮ ಹಿಂದೆ ಕುಳಿತು, ಗಾಡಿ ಕುಲುಕಿದಾಗಲೆಲ್ಲ ಅವರ ಭುಜ ಹಿಡಿದುಕೊಂಡಳು.

“ಎಂಗದೆ?” ಎಂದರು ಕಂಠಪ್ಪನವರು, ತಿರುಗದೆ.

“ಕೂರಾಕೇನೋ ಸುಖವಾಗದೆ” ಎಂದು ಅವಳು ಒಪ್ಪಿಕೊಂಡಳು.

ಹುಣಸೂರಿನ ಮೇಲೆಯೇ ಕಾಕನಕೋಟೆಗೆ ಹಾದಿ; ಆದ್ದರಿಂದ ಗಾವಡಗೆರೆಯನ್ನು ಮತ್ತೆ ಹಾಯಬೇಕಾಯಿತು. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಎತ್ತಿನ ಗಾಡಿ, ಅದರ ಮೇಲೆ ಹಗ್ಗ ಬಿಗಿದ ದೊರೆಯ ಮೋಟಾರು, ಅದರ ಮೇಲೆ ಶೇಕ್ದಾರರು, ಹಿಂದೆ ಹೆಂಡತಿ, ಸುತ್ತ ಮನೆಯ ಪಾತ್ರೆ ಪಡಗ ಎಲ್ಲ. ಮುಂದೆ ಕೋಲು ಹಿಡಿದ ಮುದ್ದಯ್ಯ.

ಕೆಂಪಾಜಮ್ಮ ಗಾಡಿ ಮರೆಯಾಗುವವರೆಗೂ ನೋಡಿದಳು. ಆಮೇಲೆ ಒಳಗೆ ಹೋಗಿ ಎಮ್ಮೆಯನ್ನು ಬಿಚ್ಚಿ ಹೊರಗೆ ಕಟ್ಟಿದಳು.

“ಯಾಕಜ್ಜಿ, ಎದರ್ಕೆ ಓಯ್ತಾ?” ಎಂದು ಪಕ್ಕದವನು ಕೇಳಿದ.

“ಇನ್ಯಾಕ್ಲಾ ಎದರ್ಕೆ” ಎಂದಳು ಅವಳು. “ಕಡೆಗೆ ಶೇಕ್ದಾರ್ರನ್ನೇ ಜಪ್ತಿ ಮಾಡ್ಕಂಡು ಓದ್ರು.”